ಒಂದ ನಮೂನಿ

ಮೊನ್ನೆ ರಾತ್ರಿ ಅಣ್ಣನ ಮಗಳು ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದು ನನ್ನೆದುರು ಕೂತಳು. ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ.

"ಕಾಕಾ, ಯೂನಿಫಾರ್ಮ್ ಮೋಷನ್ ಅಂದ್ರ ಏನು?"

ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಪ್ರಶ್ನೆ ಬಂತು. "ಗಾಡಿನೂ ಯೂನಿಫಾರ್ಮ್ ಹಾಕ್ಕೊಂಡು ಹೋಗತಾವೇನು?"

ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ಅಣ್ಣ ಅಲ್ಲಿಂದಲೇ, "ಸರಕಾರಿ ಬಸ್ಸು ಹಾಕ್ಕೋತಾವಲ್ಲ, ಕೆಂಪಂದು" ಅಂದ. ವೈನಿ ಅಡಿಗೆಮನೆಯಿಂದ, "ಹುಡುಗಿಗೆ ಸರಿಯಾಗಿ ಹೇಳ್ರಿ, ನಾಳೆ ಟೆಸ್ಟ್ ಐತಿ" ಅಂತ ಗದರಿಸಿದರು. ನಾನು ಗಂಭೀರನಾದೆ. ನೆಟ್ಟಗಿನ ದಾರಿಯಲ್ಲಿ ಹೋಗುವ ಗಾಡಿ ಮೊದಲ ನಿಮಿಷಕ್ಕೆ ಎಷ್ಟು ದೂರ ಹೋಗುತ್ತದೋ ಎರಡನೇ ನಿಮಿಷಕ್ಕೂ ಅಷ್ಟೇ ದೂರ ಹೋಗಬೇಕು, ಮೂರನೆಯದಕ್ಕೂ ಅಷ್ಟೇ. ವೇಗ ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಅದು ಯೂನಿಫಾರ್ಮ್ ಮೋಷನ್. ಹೆಚ್ಚುಕಮ್ಮಿ ಆದರೆ ನಾನ್-ಯೂನಿಫಾರ್ಮ್.

ಅವಳು ಪೆನ್ನು ಕಚ್ಚುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಅಂದ್ರ ನಾನ್-ಯೂನಿಫಾರ್ಮ್ ಮೋಷನ್ ಅಂದ್ರ ಕಲರ್ ಡ್ರೆಸ್ ಮೋಷನ್!"

ಇದು ನಿಮಗೆ ಗೊತ್ತಿರಬೇಕು. ಈಗಿನ ಶಾಲೆ ಮಕ್ಕಳ ಜಗತ್ತಿನಲ್ಲಿ ಎರಡೇ ನಮೂನೆಯ ಬಟ್ಟೆ. ಒಂದು ಯೂನಿಫಾರ್ಮು, ಇನ್ನೊಂದು ಕಲರ್ ಡ್ರೆಸ್ಸು. ಹುಟ್ಟುಹಬ್ಬದ ದಿನ ಕಲರ್ ಡ್ರೆಸ್ ಹಾಕಿಕೊಂಡು ಚಾಕಲೇಟ್ ಹಂಚುವುದಕ್ಕೆ ಅವಳು ವರ್ಷವಿಡೀ ಕಾಯುತ್ತಾಳೆ. ಯೂನಿಫಾರ್ಮಿಗೂ ಬಣ್ಣ ಇರುತ್ತದಲ್ಲ ಅಂತ ಕೇಳಿದರೆ, "ಅದು ಕಲರ್ ಅಲ್ಲ ಕಾಕಾ, ಅದು ಯೂನಿಫಾರ್ಮ್" ಅನ್ನುತ್ತಾಳೆ. ಎಲ್ಲರೂ ಹಾಕಿಕೊಂಡ ಮೇಲೆ ಅದು ಬಣ್ಣವೇ ಅಲ್ಲ!

ಅವಳು ಎದ್ದು ಹೋದಳು. ಶಬ್ದ ನನ್ನ ಹತ್ತಿರವೇ ಉಳಿಯಿತು.

ನಮಗೆ ಯೂನಿಫಾರ್ಮ್ ಅಂದರೆ ಅಂಗಿ-ಚಡ್ಡಿ. ಆದರೆ ಇಂಗ್ಲಿಷಿನಲ್ಲಿ ಅದು ಬಟ್ಟೆ ಆಗಿದ್ದು ಬಹಳ ತಡವಾಗಿ. ಮೊದಲು ಅದು ಬರೀ ಗುಣವಾಚಕ. ಲ್ಯಾಟಿನ್ ಭಾಷೆಯಲ್ಲಿ 'ಊನುಸ್' ಅಂದರೆ ಒಂದು, 'ಫೋರ್ಮಾ' ಅಂದರೆ ಆಕಾರ, ಅಚ್ಚು. ಎರಡೂ ಸೇರಿ 'ಊನಿಫೋರ್ಮಿಸ್', ಒಂದೇ ಆಕಾರದ್ದು. ಅದು ಫ್ರೆಂಚರ ಮನೆ ಹಾದು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಬಂದ ಹೊಸತರಲ್ಲಿ ಅದಕ್ಕೂ ಬಟ್ಟೆಗೂ ಸಂಬಂಧವೇ ಇರಲಿಲ್ಲ. 1549ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯ್ದೆ ಆಯಿತು. ದೇಶದ ಎಲ್ಲ ಚರ್ಚುಗಳಲ್ಲೂ ಒಂದೇ ಪ್ರಾರ್ಥನೆ ಪುಸ್ತಕ ಓದಬೇಕು ಅಂತ. ಅದರ ಹೆಸರೇ ಯೂನಿಫಾರ್ಮಿಟಿ ಕಾಯ್ದೆ. ಅಂದರೆ ಅಲ್ಲಿ ಮೊದಲು ಪ್ರಾರ್ಥನೆಗೆ ಯೂನಿಫಾರ್ಮ್ ತೊಡಿಸಿದರು, ಮನುಷ್ಯರಿಗೆ ಆಮೇಲೆ.

ಮನುಷ್ಯರ ಪೈಕಿ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿಬಿದ್ದವರು ಸೈನಿಕರು. 1645ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನವರು ಕಟ್ಟಿದ ಹೊಸ ಸೈನ್ಯಕ್ಕೆ ಪೂರ್ತಿ ಕೆಂಪು ಕೋಟು ಕೊಟ್ಟರು. ಅದಕ್ಕಿಂತ ಮೊದಲು ಒಬ್ಬೊಬ್ಬ ಸರದಾರನ ದಂಡಿಗೆ ಒಂದೊಂದು ಬಣ್ಣ. 18ನೇ ಶತಮಾನದ ಹೊತ್ತಿಗೆ ಆ ಬಟ್ಟೆಗೇ ಯೂನಿಫಾರ್ಮ್ ಅಂತ ಹೆಸರು ಬಿತ್ತು. ಆಮೇಲೆ 1840ರ ದಶಕದಲ್ಲಿ ಪೇಶಾವರದ ಕಡೆ ಬ್ರಿಟಿಷರು ಕಟ್ಟಿದ ಒಂದು ಪಡೆ ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಂಡಿತು. ಅದೇ ಖಾಕಿ. ಪಾರ್ಸಿಯಲ್ಲಿ 'ಖಾಕ್' ಅಂದರೆ ಧೂಳು. ಬೇಸಿಗೆಯಲ್ಲಿ ಬಾಗಲಕೋಟೆಯ ರಸ್ತೆಗೆ ಬಿಳಿ ಅಂಗಿ ಹಾಕಿಕೊಂಡು ಹೋದರೆ ಸಂಜೆಯೊಳಗೆ ಯಾರಿಗಾದರೂ ಖಾಕಿ ಸಿಗುತ್ತದೆ, ಅದಕ್ಕೆ ಪೊಲೀಸ್ ಆಗಬೇಕಾಗಿಲ್ಲ.

ಈ ಶಬ್ದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಪುಸ್ತಕದವರು 'ಏಕರೂಪ' ಅನ್ನುತ್ತಾರೆ. ಬಟ್ಟೆಗಾದರೆ 'ಸಮವಸ್ತ್ರ'. ಎರಡೂ ಇಸ್ತ್ರಿ ಮಾಡಿಟ್ಟ ಶಬ್ದಗಳು, ಮನೆಯಲ್ಲಿ ಯಾರೂ ಹಾಕಿಕೊಳ್ಳುವುದಿಲ್ಲ. ಆದರೆ ನಮ್ಮ ಕಡೆ ಒಂದು ಮಾತಿದೆ, 'ನಮೂನಿ'. ಇದೂ ಪಾರ್ಸಿಯಿಂದ ಬಂದದ್ದೇ. ಮಾದರಿ, ಸ್ಯಾಂಪಲ್ ಅಂತ ಅರ್ಥ. "ಯಾವ ನಮೂನಿ ಸೀರಿ ಬೇಕ್ರಿ?", "ಎಷ್ಟ್ ನಮೂನಿ ಹೇಳಿದರೂ ಕೇಳಂಗಿಲ್ಲ". ಪಂಚಾಯ್ತಿ ಆಫೀಸಿಗೆ ಹೋದರೆ ಇದೇ ಶಬ್ದ ಅಂಗಿ ಇನ್‌ಶರ್ಟ್ ಮಾಡಿಕೊಂಡು 'ನಮೂನೆ' ಆಗಿ ಕೂತಿರುತ್ತದೆ. ಆಸ್ತಿಯ ಕಾಗದ ಬೇಕೆಂದರೆ ನಮೂನೆ 9, ನಮೂನೆ 11. ಇಂಗ್ಲಿಷಿನಲ್ಲಿ ಅದು ಫಾರ್ಮ್ 9, ಫಾರ್ಮ್ 11. ಅಂದರೆ ಸರಕಾರದ ಲೆಕ್ಕದಲ್ಲೇ ಫಾರ್ಮ್ ಅಂದರೆ ನಮೂನೆ. ಯೂನಿ ಅಂದರೆ ಒಂದು. ಯೂನಿಫಾರ್ಮ್ ಅಂದರೆ?

ಒಂದ ನಮೂನಿ!

ಎಷ್ಟು ಚೆನ್ನಾಗಿ ಕೂತಿತು ಅಂತ ನನಗೇ ಖುಷಿ ಆಯಿತು. ಕೂಡಲೇ ತೊಡಕೂ ನೆನಪಾಯಿತು. ನಮ್ಮ ಕಡೆ "ಅಂವ ಒಂದ ನಮೂನಿ ಮನಿಷ್ಯಾ" ಅಂದರೆ ಎಲ್ಲರ ಹಾಗಿರುವ ಮನುಷ್ಯ ಅಂತಲ್ಲ. ಯಾರ ಹಾಗೂ ಇಲ್ಲದವನು, ವಿಚಿತ್ರದವನು ಅಂತ. "ಹಾಲು ಯಾಕೋ ಒಂದ ನಮೂನಿ ನಾರಾಕತ್ತೈತಿ" ಅಂದರೆ ಹಾಲು ಕೆಟ್ಟಿದೆ ಅಂತ. ಬೆಂಗಳೂರಿನವರು 'ಒಂಥರಾ' ಅನ್ನುವುದೂ ಇದನ್ನೇ. ಅದೇ "ಎರಡೂ ಸೀರಿ ಒಂದ ನಮೂನಿ ಅದಾವು" ಅಂದರೆ ಎರಡೂ ಒಂದೇ ತರಹ ಅಂತ ಅರ್ಥ. ಶಬ್ದ ಎರಡೇ, ಅರ್ಥಗಳು ಪೂರ್ವ-ಪಶ್ಚಿಮ. ಎಲ್ಲರಂತೆ ಇರುವುದಕ್ಕೂ ಯಾರಂತೆಯೂ ಇಲ್ಲದಿರುವುದಕ್ಕೂ ಒಂದೇ ಮಾತು.

ಈ ಎರಡೂ ಅರ್ಥಗಳ ಪೆಟ್ಟನ್ನು ನಾನು ಒಂದೇ ವಾರದಲ್ಲಿ ತಿಂದಿದ್ದೇನೆ. ನಾಲ್ಕನೇ ಇಯತ್ತೆಯಲ್ಲಿ.

ಆಗ ನಾವು ಹಳೇ ಊರಿನಲ್ಲಿ, ಅಂದರೆ ಹಳೇ ಬಾಗಲಕೋಟೆಯಲ್ಲಿ ಇದ್ದೆವು. ಶಾಲೆಗೆ ಬಿಳಿ ಅಂಗಿ, ನೀಲಿ ಚಡ್ಡಿ. ಆಗಸ್ಟ್ ಹದಿನೈದರ ಕವಾಯತಿಗೆ ತಯಾರಿ ನಡೆದಿತ್ತು. ಮಾಸ್ತರು ಸೀಟಿ ಊದಿ, "ಎಲ್ಲಾರೂ ಒಂದ ನಮೂನಿ ಬರಬೇಕು ನೋಡ್ರಿ" ಅಂತ ತಾಕೀತು ಮಾಡಿದರು. ನನ್ನ ಚಡ್ಡಿ ಕೂರುವ ಜಾಗದಲ್ಲಿ ಜಾಳಾಗಿತ್ತು. ಅವ್ವ ಸಂಜೆ ಪೇಟೆಗೆ ಹೋಗಿ ಒಂದು ತುಂಡು ಅರಿವಿ ತಂದಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಳೇ ಚಡ್ಡಿಯ ಪಕ್ಕ ಇಟ್ಟು ನೋಡಿಯೇ ತಂದಿದ್ದಳು, ಥೇಟ್ ಅದೇ ನೀಲಿ. ಸಿಂಪಿಗರು ಎರಡು ದಿನದಲ್ಲಿ ಹೊಲಿದು ಕೊಟ್ಟರು. ಬೆಳಿಗ್ಗೆ ಹಾಕಿಕೊಂಡು ಮೈದಾನಕ್ಕೆ ಹೋದೆ. ಬಿಸಿಲು ಬಿದ್ದ ಕೂಡಲೇ ಚಡ್ಡಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅಂಗಡಿಯ ದೀಪದಲ್ಲಿ ಒಂದೇ ಕಂಡ ಎರಡು ಬಣ್ಣ ಬಿಸಿಲಿನಲ್ಲಿ ಬೇರೆ ಬೇರೆ ಆಗುತ್ತವೆ, ಅದಕ್ಕೂ ವಿಜ್ಞಾನದಲ್ಲಿ ಕಾರಣ ಇದೆ ಅಂತ ಈಗ ಗೊತ್ತು. ಸೀರೆ ಆರಿಸುವ ಹೆಣ್ಣುಮಕ್ಕಳು ಅಂಗಡಿಯ ಹೊರಗೆ ಬಂದು ಬಿಸಿಲಿಗೆ ಹಿಡಿದು ನೋಡುವುದು ಸುಮ್ನೆ ಅಲ್ಲ. ಆದರೆ ಮಾಸ್ತರಿಗೆ ಕಾರಣ ಬೇಕಿರಲಿಲ್ಲ. ಸಾಲಿನ ಮುಂದೆ ನಡೆಯುತ್ತಾ ಬಂದವರು ನನ್ನ ಹತ್ತಿರ ನಿಂತರು.

"ಇಂವ ಯಾಕ ಒಂದ ನಮೂನಿ ಕಾಣಾಕತ್ತಾನಲ್ಲ?"

ಮೈದಾನದ ತುಂಬ ನಗು. ನನ್ನನ್ನು ಹಿಂದಿನ ಸಾಲಿಗೆ ಹಾಕಿದರು. ಮನೆಗೆ ಬಂದು ಅತ್ತೆ. ಅವ್ವ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಸುರಿದು ಚಡ್ಡಿಯನ್ನು ರಾತ್ರಿಯೆಲ್ಲ ನೆನೆಸಿದಳು. ಅವಸರದಲ್ಲಿ ಅದೇ ಬಕೆಟಿಗೆ ಬಿಳಿ ಅಂಗಿಯೂ ಬಿತ್ತು. ಚಡ್ಡಿ ಬದನೆಕಾಯಿಯಾಗಿಯೇ ಉಳಿಯಿತು, ಅಂಗಿ ಮಾತ್ರ ಮಳೆ ಬರುವ ಮೊದಲಿನ ಆಕಾಶದ ಹಾಗೆ ಅಲ್ಲಲ್ಲಿ ಮೋಡಮೋಡವಾಯಿತು. ಹದಿನೈದನೇ ತಾರೀಖು ನಾನು ಇನ್ನೂ ಒಂದು ಸಾಲು ಹಿಂದೆ ಹೋದೆ.

ಹಿಂದೆ ನಿಂತಿದ್ದಕ್ಕೆ ಒಂದು ಲಾಭ ಆಯಿತು. ಮುಂದಿನವರ ಚಡ್ಡಿಗಳೆಲ್ಲ ಕಣ್ಣೆದುರಿಗೇ ಇದ್ದವು. ಒಂದು ಒಗೆದು ಒಗೆದು ಬೂದಿಯಾಗಿತ್ತು. ಇನ್ನೊಂದು ಅಣ್ಣನದು ತಮ್ಮನಿಗೆ ಬಂದಿದ್ದು, ಸೊಂಟಕ್ಕೆ ಉಡದಾರ ಎಳೆದು ಕಟ್ಟಿದ್ದ. ಮತ್ತೊಬ್ಬ ಒಂದೇ ವರ್ಷಕ್ಕೆ ಎತ್ತರ ಆಗಿದ್ದ. ಅವರವ್ವ ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಳು. ಮಡಿಕೆಯೊಳಗೆ ಬಿಸಿಲು ಕಾಣದೆ ಇದ್ದ ಎರಡು ಬೆರಳು ಅಗಲದ ಪಟ್ಟಿ ಮಾತ್ರ ಕಡುನೀಲಿ, ಉಳಿದದ್ದೆಲ್ಲ ತಿಳಿನೀಲಿ. ಸೀರೆಗೆ ಅಂಚು ಇದ್ದ ಹಾಗೆ. ಧ್ವಜ ಏರುವಷ್ಟರಲ್ಲಿ ನಾನು ಹನ್ನೊಂದು ಬೇರೆ ಬೇರೆ ನೀಲಿ ಎಣಿಸಿದ್ದೆ. ಸ್ಟೇಜಿನ ಮೇಲೆ ಕುರ್ಚಿ ಹಾಕಿ ಕೂತವರಿಗೆ ಅವು ಎಲ್ಲ ಒಂದೇ ನಮೂನಿ ಕಂಡಿರಬೇಕು.

ಆ ದಿನ ಮೇಲೆ ಹಾರಿದ ಬಾವುಟದ ಕಡೆ ಮಾತ್ರ ನಾನು ಸರಿಯಾಗಿ ನೋಡಲಿಲ್ಲ. ನೋಡಬೇಕಿತ್ತು. ಯಾಕೆಂದರೆ ದೇಶದಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಯೂನಿಫಾರ್ಮ್ ಬಟ್ಟೆ ಇನ್ನೊಂದಿಲ್ಲ, ಮತ್ತು ಅದನ್ನು ನೇಯುವವರು ನಮ್ಮ ನೆರೆಯವರು. ನಮ್ಮೂರಿಂದ ಬೆಳಗಾವಿ ರಸ್ತೆ ಹಿಡಿದರೆ ಸಿಗುವ ತುಳಸಿಗೇರಿ ಹನುಮಪ್ಪನಿಗೂ ಪ್ರಸಿದ್ಧ, ಖಾದಿಗೂ ಪ್ರಸಿದ್ಧ. ಅಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜ ಆಗುತ್ತದೆ. ಭಾರತದಲ್ಲಿ ವಸ್ತುಗಳಿಗೆ ಸರಕಾರ ಮಾನಕ ಗೊತ್ತು ಮಾಡಿದಾಗ ನಂಬರ್ 1 ಸಿಕ್ಕಿದ್ದು ಧ್ವಜಕ್ಕೇ, 1951ರಲ್ಲಿ. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಚಕ್ರಕ್ಕೆ 24 ಕಡ್ಡಿ. ಒಟ್ಟು ಒಂಬತ್ತು ಅಳತೆ. ಎಲ್ಲಕ್ಕಿಂತ ದೊಡ್ಡದು 21 ಅಡಿಗೆ 14 ಅಡಿ, ಎಲ್ಲಕ್ಕಿಂತ ಸಣ್ಣದು ಅಂಗೈ ಮೇಲೆ ಇಡಬಹುದಾದಷ್ಟು. ಎಳೆ ಎಷ್ಟು, ತೂಕ ಎಷ್ಟು, ಜಗ್ಗಿದರೆ ಎಷ್ಟು ತಾಳಬೇಕು, ಬಣ್ಣ ಎಷ್ಟು ಗಟ್ಟಿ, ಎಲ್ಲಕ್ಕೂ ಲೆಕ್ಕ. ಒಂದರಲ್ಲಿ ತಪ್ಪಿದರೂ ಪಾಸಿಲ್ಲ.

ಇದನ್ನು ಮಾಡುವವರು ಯಾರು? ಕೈಯಿಂದ ನೂಲುವವರು, ಕೈಮಗ್ಗದಲ್ಲಿ ನೇಯುವವರು. ಅವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಅಟ್ಟಿ, ಅತ್ತೆಯ ಜೊತೆ ಒಂದು ಮಾತು ಹೆಚ್ಚುಕಮ್ಮಿ ಆಡಿ ಬಂದು ಮಗ್ಗಕ್ಕೆ ಕೂರುವ ಕೈ ಅದು. ಆ ಕೈ ಸಿಟ್ಟಿನ ದಿನವೂ ಅಷ್ಟೇ ಬಿಗಿಯಾಗಿ ನೇಯಬೇಕು, ಸಂತೋಷದ ದಿನವೂ ಅಷ್ಟೇ. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ಮಷೀನಿನ ಬಟ್ಟೆಗೂ, ಪಾಲಿಯೆಸ್ಟರಿಗೂ ಅವಕಾಶ ಸಿಕ್ಕಿತು. ಮಷೀನಿಗೆ ಇದೇನು ದೊಡ್ಡ ಮಾತಲ್ಲ. ಅದಕ್ಕೆ ಸಿಟ್ಟೇ ಬರುವುದಿಲ್ಲವಲ್ಲ. ನನಗಂತೂ ಈ ವಿಷಯದಲ್ಲಿ ಪಕ್ಷಪಾತ ಇದೆ, ಕೈಯದ್ದೇ ಹೆಚ್ಚು.

ನಮ್ಮ ಬಾಗಲಕೋಟೆ ಜಿಲ್ಲೆಯದೇ ಇನ್ನೊಂದು ತುದಿಯಲ್ಲಿ ಇಳಕಲ್ಲು. ಅಲ್ಲಿಯ ಸೀರೆಗೆ ಸರಕಾರದ ಅಳತೆಪಟ್ಟಿ ಯಾರೂ ಕೊಟ್ಟಿರಲಿಲ್ಲ. ಮೈ ಯಾವ ಬಣ್ಣವೇ ಇರಲಿ, ಸೆರಗು ಮಾತ್ರ ಕೆಂಪು, ಮೇಲೆ ಬಿಳಿ ಗೋಪುರದ ಸಾಲು. ಮೈಯ ಉದ್ದದ ಎಳೆಗಳಿಗೆ ಸೆರಗಿನ ಉದ್ದದ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನಮ್ಮ ಅಜ್ಜಿಯರೆಲ್ಲ ಅದನ್ನೇ ಉಟ್ಟರು, ಹೇಳಿಸಿಕೊಳ್ಳದೇ. ಇದರಿಂದ ಆದ ತೊಂದರೆ ಒಂದೇ. ಬನಶಂಕರಿ ಜಾತ್ರೆಯಲ್ಲಿ ನಾನು ಅಜ್ಜಿಯ ಸೆರಗು ಹಿಡಿದು ಬೆಂಡು ಬತ್ತಾಸಿನ ಅಂಗಡಿ ಸಾಲು ಪೂರ್ತಿ ದಾಟಿ, ತಲೆ ಎತ್ತಿ ನೋಡಿದರೆ ಅದು ಬೇರೆ ಯಾರದೋ ಅಜ್ಜಿ. ಆಕೆಯೂ ತಿರುಗಿ ನೋಡಿ, "ಯಾರ ಕೂಸಪಾ ನೀನು?" ಅಂದಳು. ಆಕೆಯ ಮೊಮ್ಮಗ ಆ ಹೊತ್ತಿಗೆ ನಮ್ಮಜ್ಜಿಯ ಸೆರಗು ಹಿಡಿದಿರಬಹುದು ಅಂತ ನನ್ನ ಗುಮಾನಿ.

ಮೊನ್ನೆಯ ರಾತ್ರಿಗೆ ಬರೋಣ. ಊಟಕ್ಕೆ ಕೂತೆವು. ಅವ್ವನಿಗೆ ಈಗ ವಯಸ್ಸಾಗಿದೆ, ಆದರೂ ರೊಟ್ಟಿ ಬಡಿಯುವುದನ್ನು ವೈನಿಗೆ ಪೂರ್ತಿ ಬಿಟ್ಟುಕೊಟ್ಟಿಲ್ಲ. ಕೊಣಮಿಗೆಯಲ್ಲಿ ನಾದಿದ ಹಿಟ್ಟಿನಿಂದ ಒಂದು ಉಂಡೆ ಹರಿದುಕೊಳ್ಳುತ್ತಾಳೆ. ತೂಕ ನೋಡುವುದಿಲ್ಲ. ಬಲಗೈ ಬಡಿಯುತ್ತಿದ್ದ ಹಾಗೆ ರೊಟ್ಟಿ ತಾನೇ ತಿರುಗುತ್ತಾ ಹೋಗುತ್ತದೆ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾಳೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳುವ ರೊಟ್ಟಿಗಳ ಅಂಚು ಗೆರೆ ಎಳೆದ ಹಾಗೆ ಕೂಡುತ್ತದೆ. ಅಂಗಡಿಯ ಮಷೀನ್ ರೊಟ್ಟಿಯೂ ಹಾಗೇ ಕೂಡುತ್ತದೆ, ಸರಿ. ಆದರೆ ಅವ್ವನ ರೊಟ್ಟಿ ಹತ್ತಿರದಿಂದ ನೋಡಿದರೆ ಒಂದಕ್ಕೆ ಅಂಚಿನಲ್ಲಿ ಸಣ್ಣ ಬಿರುಕು, ಇನ್ನೊಂದಕ್ಕೆ ನಾಲ್ಕು ಬೆರಳಿನ ತಗ್ಗು, ಮತ್ತೊಂದರ ಹೊಟ್ಟೆಯ ಮೇಲೆ ಕರಿ ಚುಕ್ಕಿ. ಹುಡುಗಿ ಯಾವಾಗಲೂ ಕರಿ ಚುಕ್ಕಿಯದನ್ನೇ ಹುಡುಕಿ ತೆಗೆಯುತ್ತಾಳೆ.

ಅಣ್ಣ ಉಳ್ಳಾಗಡ್ಡಿ ನೆಲದ ಮೇಲಿಟ್ಟು ಗುದ್ದಿದ. ಅದು ನಾಲ್ಕು ಹೋಳಾಯಿತು. ನನಗೆ ಸುಮ್ಮನಿರಲು ಆಗಲಿಲ್ಲ.

"ಈ ಉಳ್ಳಾಗಡ್ಡಿನೂ ಯೂನಿಫಾರ್ಮಿನ ಬೀಗರ ಪೈಕಿ, ಗೊತ್ತೇನು?" ಅಂದೆ.

ರೋಮಿನ ರೈತರು ಒಂದು ಜಾತಿಯ ಉಳ್ಳಾಗಡ್ಡಿಗೆ 'ಊನಿಯೋ' ಅನ್ನುತ್ತಿದ್ದರು. ಅದೂ 'ಊನುಸ್'ನಿಂದಲೇ ಬಂದದ್ದು ಅಂತ ಪದಮೂಲ ಹುಡುಕುವವರು ಹೇಳುತ್ತಾರೆ. ಬೆಳ್ಳುಳ್ಳಿಯ ಹಾಗೆ ಎಸಳು ಎಸಳಾಗಿ ಒಡೆಯದೆ ಒಂದೇ ಗಡ್ಡೆಯಾಗಿ ಇರುತ್ತದಲ್ಲ, ಅದಕ್ಕೆ. ಅದೇ ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಆನಿಯನ್ ಆಯಿತು. ಯೂನಿಯನ್, ಯೂನಿಟ್, ಯೂನಿವರ್ಸಿಟಿ ಎಲ್ಲ ಅದೇ ಮನೆತನ. ಅಡ್ಡಹೆಸರು ಒಂದೇ, ಉದ್ಯೋಗ ಬೇರೆ ಬೇರೆ.

ಆ ಮನೆತನದ ಇನ್ನೊಬ್ಬನ ಹೆಸರು ಹೇಳಿದಾಗ ಹುಡುಗಿ ರೊಟ್ಟಿ ಮುರಿಯುವುದು ನಿಲ್ಲಿಸಿದಳು. ಅವನು ಯೂನಿಕ್. ಅಂದರೆ ಅವನ ಹಾಗೆ ಇನ್ನೊಬ್ಬ ಇಲ್ಲ. ಅವನ ಬೇರೂ ಅದೇ 'ಊನುಸ್'. ಒಂದು ಅನ್ನುವುದರಿಂದಲೇ ಯೂನಿಫಾರ್ಮ್, ಒಂದು ಅನ್ನುವುದರಿಂದಲೇ ಯೂನಿಕ್. ಲ್ಯಾಟಿನ್ನಿನವರಿಗೂ ನಮ್ಮ 'ಒಂದ ನಮೂನಿ'ಯ ತೊಡಕೇ! ಕನ್ನಡದಲ್ಲೂ ನೋಡಿ, 'ಒಂದಾಗು' ಅಂದರೆ ಎಲ್ಲರ ಜೊತೆ ಕೂಡಿಕೊಳ್ಳುವುದು. 'ಒಂಟಿ' ಅಂದರೆ ಯಾರೂ ಇಲ್ಲದವನು. ಎರಡರ ಬೇರೂ 'ಒಂದು'. ಎರಡು, ಮೂರು, ನಾಲ್ಕಕ್ಕೆ ಇಂಥ ಇಬ್ಬಂದಿ ಇಲ್ಲ.

"ಹಂಗಾದ್ರ ನಾನು ಯೂನಿಫಾರ್ಮ್ ಹಾಕ್ಕೊಂಡ ಯೂನಿಕ್ಕು" ಅಂದಳು ಹುಡುಗಿ.

"ನೀ ಒಂದ ನಮೂನಿ ಅದಿ, ಉಣ್ಣು" ಅಂದಳು ಅವ್ವ.

ನಮ್ಮ ನವನಗರದ್ದೂ ಇದೇ ಕಥೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಭಾಗ ಹೋಯಿತು. ಮನೆ ಬಿಟ್ಟವರಿಗೆ ಈ ಊರು ಕಟ್ಟಿದರು. ಸ್ಕೇಲಿಟ್ಟು ಗೆರೆ ಎಳೆದ ಊರು. ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಹಳೇ ಊರಿನಲ್ಲಿ ಕಿಲ್ಲಾ ಅಂದರೆ ಸಾಕಿತ್ತು, ವಲ್ಲಭಭಾಯಿ ಚೌಕ ಅಂದರೆ ಸಾಕಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮಪ್ಪ ಒಂದು ರಾತ್ರಿ ಕರೆಂಟ್ ಹೋದಾಗ ಯಾರದೋ ಗೇಟು ತೆಗೆದು, ಅವರ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, "ನೀರು ತಾ" ಅಂತ ಕೂಗಿದ್ದ. ಅವರು ನೀರನ್ನೂ ಕೊಟ್ಟು ಬೆಲ್ಲವನ್ನೂ ಕೊಟ್ಟು ಕಳಿಸಿದರು. ಈಗ ಹಾಗೆ ಆಗುವುದಿಲ್ಲ. ಒಬ್ಬರು ಮನೆಗೆ ಗಿಳಿಹಸಿರು ಬಳಿಸಿದ್ದಾರೆ, ಒಬ್ಬರು ಗೇಟಿಗೆ ನವಿಲು ಕೂರಿಸಿದ್ದಾರೆ, ಒಬ್ಬರ ಬಾಗಿಲಲ್ಲಿ ಎಮ್ಮೆ. ವರ್ಷಕ್ಕೊಮ್ಮೆ ಹೋಳಿಯಲ್ಲಿ ಮಾತ್ರ ಎಲ್ಲ ಮತ್ತೆ ಒಂದಾಗುತ್ತದೆ. ನಮ್ಮೂರಿನ ಹೋಳಿ ಒಂದು ದಿನದ್ದಲ್ಲ. ಹಲಗೆ ಬಡಿಯುತ್ತಾ, ಬಂಡಿಯ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ದಿನಗಟ್ಟಲೆ ಆಡುತ್ತಾರೆ. ನೂರು ಬಣ್ಣ ಮೈಗೆ ಬಿದ್ದ ಮೇಲೆ ಎಲ್ಲರ ಮುಖಕ್ಕೂ ಒಂದೇ ಬಣ್ಣ. ನನ್ನ ಆ ಬದನೆಕಾಯಿ ಚಡ್ಡಿಯದೇ ಬಣ್ಣ ಅದು.

ಮರುದಿನ ಟೆಸ್ಟ್ ಮುಗಿಸಿಕೊಂಡು ಬಂದ ಹುಡುಗಿಯನ್ನು ಕರೆದುಕೊಂಡು ಹಳೇ ಊರಿಗೆ ಹೋಗಿದ್ದೆ, ನೋಟ್‌ಬುಕ್ ತರಲು. ಬರುವಾಗ ಟಂಟಂ ಹತ್ತಿದೆವು. ಎಂಟು ಮಂದಿ, ಒಂದು ಅಕ್ಕಿ ಚೀಲ, ಎರಡು ಕೋಳಿ. ನೆಟ್ಟಗಿನ ರಸ್ತೆ ಬಂದಾಗ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಿತು. ಹುಡುಗಿ ಬೆರಳು ಮಡಚಿ ಸೆಕೆಂಡು ಎಣಿಸತೊಡಗಿದಳು. ಏಳಕ್ಕೆ ಬರುವಷ್ಟರಲ್ಲಿ ಯಾರೋ "ನಿಂದರಸ್ರಿ" ಅಂತ ಕೂಗಿದರು. ಡ್ರೈವರ್ ಬ್ರೇಕ್ ಒತ್ತಿದ, ಅಕ್ಕಿ ಚೀಲ ನನ್ನ ಕಾಲ ಮೇಲೆ ಬಂತು, ಕೋಳಿಗಳು ಒಟ್ಟಿಗೇ ಕೂಗಿದವು. ಗಾಡಿ ಮತ್ತೆ ಹೊರಟು ಹಂಪ್ ಹಾರಿತು.

"ಕಾಕಾ," ಅಂತ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, "ಕಲರ್ ಡ್ರೆಸ್ ಚಾಲೂ ಆತು."